ಸ್ಮಶಾನವಿಲ್ಲದ ರಜೆ

ವ್ರೊತ್ಸ್ವಾಫ್
ಆಗಸ್ಟ್ 18, 2009

ಪ್ರೀತಿಯ ದನುಷ್ಯಾ,

ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯದ ಅಕ್ಕನನ್ನು ಬೈದುಕೊಂಡಿರುತ್ತೀಯ, ಬೈದುಕೋ. ಫೋನಿನಲ್ಲಿ ಹೇಳೋಣವೆಂದರೆ, ಫೋನಿರುವ ಅಡುಗೆಮನೆಯಲ್ಲೇ ನನ್ನ ಗಂಡ ಮಹಾಶಯ ಭೂಪಟ ಹರಡಿಕೊಂಡು ಕೂತಿದ್ದಾನೆ. ಊಟದ ಮೇಜು ಕಣ್ಣಿಗೆ ಬಿದ್ದು ಎಷ್ಟು ದಿನವಾಯಿತೋ! ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೇನೆ. ನಿನ್ನ ಮೊಣಕಾಲು ಹೇಗಿದೆ? ಚೆರ್ರಿ ಜಾಮ್ ಮಾಡಿದ್ದೀಯ ತಾನೇ? ನನಗೆ ಎರಡು ಬಾಟಲಿ ಎತ್ತಿಡು.

ಪ್ರವಾಸದ ವಿಷಯ ನಿನಗೆ ಗೊತ್ತೇ ಇದೆ. ನಿವೃತ್ತಿಯಾದ ದಿನ ಎಲ್ಲರೆದುರು ಗ್ಲಾಸು ಎತ್ತಿ ಹೇಳಿದ್ದು ಬೊಗ್ದಾನನೇ: "ಮಿರ್ಕಾ, ಈ ಸಲ ನೀನು ಎಲ್ಲಿಗೆ ಅಂತೀಯೋ ಅಲ್ಲಿಗೆ ಗಾಡಿ ಓಡಿಸ್ತೀನಿ." ನಾನೂ ನಂಬಿದೆ, ಪೆದ್ದಿ. ನಿಸಾದಲ್ಲಿ ನಿನ್ನ ಮನೆಯ ಕಾಫಿ ಕುಡಿದು ಓಲೊಮೌಟ್ಸ್, ಆಮೇಲೆ ತೆಲ್ಚ್, ವಿಯೆನ್ನಾ, ಶೊಪ್ರೊನ್, ಬ್ರಾತಿಸ್ಲಾವಾ, ಲೆವೊಚಾ, ಕೊನೆಗೆ ಕ್ರಾಕೋವ್ ಮುಟ್ಟಿ ಮನೆ. ಪ್ರತಿ ಊರಿನ ಹಳೆಯ ಚೌಕದಲ್ಲಿ ಬಿಸಿಲಿಗೆ ಕೂತು ಏನಾದರೂ ಕುಡಿಯಬೇಕು, ಇಷ್ಟೇ ನನ್ನ ಆಸೆ. ಇನ್ನೊಂದಿತ್ತು, ಅದನ್ನು ಬಾಯಿಬಿಟ್ಟೇ ಹೇಳಿದ್ದೆ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯಾದರೂ ಸ್ಮಶಾನವಿಲ್ಲದ ರಜೆ ಬೇಕು.

ನಮ್ಮ ರಜೆಗಳೆಲ್ಲ ಎಲ್ಲಿ ಹೋದವೆಂದು ನೀನು ಬಲ್ಲೆ. ಸಮಾಧಿಗಳಿಗೆ ದೀಪ ಹಚ್ಚುವ ಸರ್ವ ಸಂತರ ದಿನಕ್ಕೆ ಸಂದೊಮ್ಯೆಷ್, ಇರೇನಾಳ ಹೆಸರಿನ ಸಂತಳ ಹಬ್ಬಕ್ಕೆ ಸಂದೊಮ್ಯೆಷ್, ಅವಳು ತೀರಿಕೊಂಡ ದಿನಕ್ಕೆ ಮತ್ತೆ ಸಂದೊಮ್ಯೆಷ್. ಅಲ್ಲಿ ಮಣ್ಣಾದ ಅವನ ಮೊದಲ ಹೆಂಡತಿಯ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ, ಸತ್ತವರ ಜೊತೆ ಯಾರು ಜಗಳಕ್ಕೆ ನಿಲ್ಲುತ್ತಾರೆ? ಅವಳ ಕಲ್ಲಿನ ಪಾಚಿ ಕೆರೆಯುವವಳು ನಾನು. ಸೇವಂತಿಗೆ ಕುಂಡ ಆರಿಸುವವಳು, ಗಾಳಿಗೆ ಆರದಂಥ ದೀಪ ಹುಡುಕಿ ತರುವವಳೂ ನಾನೇ.

ಈಗ ಕೇಳು. ಕ್ರಾಕೋವ್ ತಲುಪಿದೊಡನೆ ಅವನ ಪೆನ್ಸಿಲು ಬಲಕ್ಕೆ ಜಾರುತ್ತದೆ.

"ಇಲ್ಲಿಂದ ಸಂದೊಮ್ಯೆಷ್ ಹತ್ರಾನೇ."

"ನಮ್ಮನೆ ಎಡಕ್ಕಿದೆ, ಬೊಗ್ದಾನ್."

"ಅದೂ ಹಳೇ ಊರೇ ಕಣೇ. ಚೌಕ ಇದೆ, ಕೋಟೆ ಇದೆ. ನಿಂಗೆ ಹಳೇ ಊರು ತಾನೇ ಬೇಕು?"

"ನಂಗೆ ನೋಡದೇ ಇರೋ ಹಳೇ ಊರು ಬೇಕು."

"ಒಂದೇ ಒಂದು ಗಂಟೆ. ದೀಪ ಹಚ್ಚಿ ಬಂದ್ಬಿಡೋಣ."

ನಾನು ಕ್ರಾಕೋವನ್ನೇ ಹೊಡೆದುಹಾಕಿದೆ. ಲೆವೊಚಾದಿಂದ ನೇರ ಮನೆಗೆ! ಮರುದಿನ ನೋಡಿದರೆ ಇಡೀ ಪ್ರವಾಸವನ್ನೇ ತಿರುವಿ ಹಾಕಿದ್ದಾನೆ. ಮೊದಲು ಸಂದೊಮ್ಯೆಷ್, ಆಮೇಲೆ ಉಳಿದದ್ದೆಲ್ಲ. "ಮೊದ್ಲೇ ಮುಗಿಸಿಬಿಟ್ರೆ ನಿನ್ನ ಮನಸ್ಸೂ ಹಗುರ ಆಗುತ್ತೆ" ಅಂತಾನೆ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ವಿಯೆನ್ನಾದಲ್ಲಿ ಹೋಟೆಲು ನೋಡು ಎಂದರೆ, "ನೀನೇ ನೋಡು, ನಂಗೆ ಎಲ್ಲಾ ಒಂದೇ." ಅಲ್ಲಿ ಒಳ್ಳೆಯ ಊಟ ಮಾಡೋಣ ಎಂದರೆ, "ಮೊಟ್ಟೆ ಬೇಯಿಸ್ಕೊಂಡು ಹೋದ್ರಾಯ್ತು." ಸಂದೊಮ್ಯೆಷ್‌ನಲ್ಲಿ ಮಾತ್ರ ಆಗಲೇ ಕೋಣೆ ಹೇಳಿಟ್ಟಿದ್ದಾನೆ. ಒಂದು ಗಂಟೆಗೆ ಕೋಣೆ ಯಾಕಪ್ಪಾ ಎಂದರೆ ಮಾತು ತೇಲಿಸಿದ.

ಮೊನ್ನೆ ಗಾಡಿಯ ಡಿಕ್ಕಿ ತೆಗೆದೆ. ಹೊರಡಲು ಇನ್ನೂ ಎಷ್ಟೋ ದಿನವಿದೆ, ಆಗಲೇ ಉಜ್ಜುವ ಬ್ರಷ್ಷು, ಪೊರಕೆ, ನೀರಿನ ಕ್ಯಾನು, ದೀಪದ ಪೆಟ್ಟಿಗೆ ಎಲ್ಲ ಹತ್ತಿ ಕೂತಿವೆ. ನನ್ನ ಸೂಟ್‌ಕೇಸಿಗೆ ಜಾಗವಿಲ್ಲ. "ಕಾಲ ಹತ್ರ ಇಟ್ಕೊಂಡ್ರಾಯ್ತು" ಅಂದ. ನನ್ನ ಕೋಪ ನಿನಗೆ ಗೊತ್ತಲ್ಲ, ಭೂಪಟವನ್ನು ಮುದ್ದೆ ಮಾಡಿ ಓವನ್ನಿನೊಳಗೆ ತುರುಕಿದೆ. ಅವನು ಅದನ್ನು ತೆಗೆದು ಕೊಡವಿ, ಕೈಯಿಂದ ನೀವಿ, ಮತ್ತೆ ಹರಡಿಕೊಂಡು ಕೂತ. ನಗಬೇಡ, ನನಗೆ ತಲೆ ಚಿಟ್ಟು ಹಿಡಿದಿದೆ.

ಕೆಟ್ಟ ಮನುಷ್ಯನಲ್ಲ ಅವನು. ನನಗೆ ಆಪರೇಷನ್ ಆದಾಗ ದಿನಾ ತಲೆ ಬಾಚಿದವನು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚು. ಕೆಟ್ಟವನಾಗಿದ್ದರೆ ಅವನನ್ನು ಬಿಟ್ಟು ಒಬ್ಬಳೇ ಬಸ್ಸು ಹತ್ತಿ ವಿಯೆನ್ನಾ ನೋಡಿಕೊಂಡು ಬರುತ್ತಿದ್ದೆ.

ನಿನ್ನ ಗಂಡ ಯಾನೆಕ್‌ನನ್ನು ಕೇಳಿದೆನೆಂದು ಹೇಳು. ಮಕ್ಕಳಿಗೆ ಮುತ್ತು. ದೇವಮಾತೆ ನಿಮ್ಮನ್ನೆಲ್ಲ ಕಾಯಲಿ, ಮೊದಲು ನಿನ್ನ ಮೊಣಕಾಲನ್ನು.

ನಿನ್ನ ಅಕ್ಕ,
ಮಿರ್ಕಾ

ತಾ.ಕ.: ಬರೆಯಬಾರದೆಂದಿದ್ದೆ, ಆದರೆ ಕವರು ಅಂಟಿಸಲು ಕೈ ಬರುತ್ತಿಲ್ಲ. ಹೋದ ವಾರ ಬೊಗ್ದಾನ್ ಬ್ರೆಡ್ ತರಲು ಹೋಗಿದ್ದಾಗ ಸಂದೊಮ್ಯೆಷ್‌ನಿಂದ ಸಮಾಧಿಯ ಕಲ್ಲು ಮಾಡುವವನ ಫೋನ್ ಬಂತು. ಇರೇನಾಳ ಹಳೆಯ ಕಲ್ಲು ಬಿರುಕು ಬಿಟ್ಟಿತ್ತು, ಹೊಸದು ಹಾಕಿಸುವುದು ನನಗೂ ಗೊತ್ತಿತ್ತು. "ಕಲ್ಲು ನಿಲ್ಸಿದ್ದಾಯ್ತು ಮೇಡಂ. ಸಾಹೇಬ್ರ ಹೆಸರು, ಹುಟ್ಟಿದ ವರ್ಷ ಅವರ ಹೆಂಡತಿ ಪಕ್ಕದಲ್ಲೇ ಕೆತ್ತಿದೀವಿ. ಬಂದು ನೋಡಿ ಒಪ್ಪಿದ್ರೆ ಅಕ್ಷರಕ್ಕೆ ಬಣ್ಣ ತುಂಬ್ತೀವಿ" ಅಂದ. ಬದುಕಿರುವಾಗಲೇ ಹೆಸರು ಕೆತ್ತಿಸುವುದು ನಮ್ಮಲ್ಲಿ ಹೊಸದಲ್ಲ. ಅಪ್ಪನ ಕಲ್ಲಿನ ಮೇಲೆ ತನ್ನ ಹೆಸರು ಓದಿಕೊಳ್ಳುತ್ತಲೇ ಅಮ್ಮ ಎಷ್ಟು ವರ್ಷ ಬಾಳಿದಳು! ಕಲ್ಲಿನಲ್ಲಿ ಇನ್ನೊಂದು ಹೆಸರಿಗೆ ಜಾಗ ಇದೆಯೇ ಎಂದು ಕೇಳಿದೆ. "ಇಬ್ಬರಿಗೆ ಅಂತಾನೇ ಹೇಳಿದ್ರಲ್ಲ ಮೇಡಂ. ನೀವು ಸಾಹೇಬ್ರ ತಂಗೀನಾ?"

ಬೊಗ್ದಾನ್ ಬಂದ ಮೇಲೆ ಕೇಳಿದೆ. ಮುಚ್ಚಿಡಲಿಲ್ಲ. ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ನಿಜವಾಗಿ ಅಚ್ಚರಿಯಿಂದಲೇ ನನ್ನನ್ನು ನೋಡಿದ. "ನೀನು ನಿಸಾದಲ್ಲಿ ನಿಮ್ಮಪ್ಪ ಅಮ್ಮನ ಜೊತೆ ಇರ್ತೀಯ ಅಂದ್ಕೊಂಡಿದ್ದೆ ಮಿರ್ಕಾ. ಅಲ್ವಾ?" ಹೌದೆಂದೆ. ಬೇರೇನು ಹೇಳಲಿ?

ದನುಷ್ಯಾ, ಅಪ್ಪ ಅಮ್ಮನ ಸಮಾಧಿಯಲ್ಲಿ ಇನ್ನೊಬ್ಬರಿಗೆ ಜಾಗ ಇದೆಯೇ? ಅದನ್ನು ನೀನೂ ಯಾನೆಕ್ಕೂ ನಿಮಗೆಂದು ಇಟ್ಟುಕೊಂಡಿದ್ದರೆ ಸಂಕೋಚಪಡದೆ ಹೇಳು.