ಹೆಗ್ಗಣ ತಂದ ಇದ್ದಿಲು

ಜರಡಿ ಶೆಡ್,
ಜೂನ್ 12

ಅಳಿಯಂದಿರಿಗೆ,

ಈ ಗುಹೆಯಿಂದ ಬರುವ ಪ್ರತಿ ಬುಟ್ಟಿ ಮಣ್ಣನ್ನು ಇಪ್ಪತ್ತಾರು ವರ್ಷಗಳಿಂದ ತೊಳೆಸಿ, ಜರಡಿ ಹಿಡಿಸುತ್ತಿರುವವಳು ನಾನು. ಹದಿನಾಲ್ಕು ಹೆಂಗಸರು ನನ್ನ ಕೈಕೆಳಗಿದ್ದಾರೆ. ನಿಮಗಿಂತ ಮುಂಚಿನ ಮೂವರು ಉತ್ಖನನ ನಿರ್ದೇಶಕರು ನನ್ನ ಸಹಿಯಿಲ್ಲದೆ ಒಂದು ಚೀಲವನ್ನೂ ಹೊರಗೆ ಕಳುಹಿಸಿದವರಲ್ಲ. ಪತ್ರ ಯಾರದೆಂದು ನೆನಪಿರಲಿ ಎಂದು ಇದನ್ನು ಮೊದಲೇ ಬರೆದೆ. ಆರೋಗ್ಯವೇ? ಸಮ್ಮೇಳನದ ಊರಿನಲ್ಲಿ ಕೆಮ್ಮು ಕಡಿಮೆಯಾಯಿತೇ? ಪತ್ರಿಕೆಯ ಫೋಟೋದಲ್ಲಿ ಮುಖ ತುಂಬಿಕೊಂಡಂತಿದೆ. ಹೊಗಳಿಕೆ ಮೈಗೆ ಹತ್ತುತ್ತದೆ.

ಆ ಫೋಟೋದ ಕೆಳಗೆ, ಮಳೆಕಾಡಿನಲ್ಲಿ ಬೇಟೆಯಾಡಿ ಬದುಕಿದವರ ಒಲೆಗೆ ನಲವತ್ತೈದು ಸಾವಿರ ವರ್ಷ ಎಂದು ಅಚ್ಚಾಗಿದೆ. ಓದಿದವಳೇ ಉಗ್ರಾಣದ ಬೀಗ ತೆಗೆದೆ. ನಾನು ಜ್ವರದಲ್ಲಿ ಮಲಗಿದ್ದ ವಾರ ನೀವು ಪ್ರಯೋಗಾಲಯಕ್ಕೆ ಕಳುಹಿಸಿದ ಇದ್ದಿಲಿನ ಉಳಿದರ್ಧ ಅಲ್ಲೇ ಇದೆ. ಆ ಚೀಲದ ಸಂಖ್ಯೆಯ ಮುಂದೆ ನನ್ನ ಮಗಳು ಅಗೆತದ ದಿನಚರಿಯಲ್ಲಿ ಬರೆದಿದ್ದಾಳೆ: ಹೆಗ್ಗಣದ ಬಿಲದ ಮಣ್ಣು, ಕಾಲನಿರ್ಣಯಕ್ಕೆ ಬೇಡ. ಆಳದಲ್ಲಿದ್ದ ಹಳೆಯ ಕಾಡ್ಗಿಚ್ಚಿನ ಇದ್ದಿಲನ್ನು ಹೆಗ್ಗಣ ಕೆದರಿ ಮೇಲಿನ ಒಲೆಯ ಬೂದಿಗೆ ಬೆರೆಸಿತ್ತು. ಅಂಥ ಮಣ್ಣಿಗೆ ಕೆಂಪು ಚೀಟಿ ಕಟ್ಟಬೇಕೆಂದು ನಿನ್ನೆ ಕೆಲಸಕ್ಕೆ ಸೇರಿದವಳಿಗೂ ಗೊತ್ತು. ನೀವು ಕೆಂಪು ಕಿತ್ತು, ಕಾಲನಿರ್ಣಯಕ್ಕೆ ಯೋಗ್ಯವೆನ್ನುವ ಬಿಳಿ ಚೀಟಿ ಕಟ್ಟಿದಿರಿ. ಮೇಲೆ ನನ್ನ ಮಗಳ ಹೆಸರು ಬರೆದಿರಿ, ನಾಳೆ ಯಾರಾದರೂ ಕೇಳಿದರೆ ತಪ್ಪು ಹೆಂಡತಿಯದಾಗಲಿ ಎಂದು.

ಹದಿನೆಂಟು ಸಾವಿರ ವರ್ಷ ನಿಮಗೆ ಸಾಲದಾಯಿತೇ? ಉಳಿದ ಆರು ಒಲೆಗಳೂ ಅದೇ ವಯಸ್ಸು ಹೇಳುತ್ತವೆ. ಮರದ ತುದಿಯ ಕೋತಿಯನ್ನು ಮೂಳೆಯ ಮೊನೆಯಿಂದ ಹೊಡೆದುರುಳಿಸಿ, ಕಾಡುಕಾಯಿ ಸುಟ್ಟು, ಒಂದು ಕಾಳೂ ಬಿತ್ತದೆ ಮಕ್ಕಳನ್ನು ಸಾಕಿದ ಜನ ಅವರು. ಆ ಮೊನೆಗಳನ್ನು ಒಂದೊಂದಾಗಿ ಅಂಗೈಯಲ್ಲಿಟ್ಟು ತೊಳೆದಿದ್ದೇನೆ. ನಿಮ್ಮ ಸುಳ್ಳು ಬಯಲಾದ ದಿನ ಅವರ ನಿಜವನ್ನೂ ಯಾರೂ ನಂಬುವುದಿಲ್ಲ. ಹೆಗ್ಗಣ ಮಾಡಿದ ಕೆಲಸಕ್ಕೆ ನಿಮಗೆ ಸನ್ಮಾನ! ಅದನ್ನೂ ವೇದಿಕೆಗೆ ಕರೆದೊಯ್ಯಬೇಕಿತ್ತು. “ಅತ್ತೆ, ಇದೆಲ್ಲ ಹೈಸ್ಕೂಲು ಓದಿದವ್ರಿಗೆ ಅರ್ಥ ಆಗಲ್ಲ, ಬಿಡಿ” ಎಂದು ಊಟದ ಮೇಜಿನಲ್ಲಿ ನಕ್ಕಿದ್ದಿರಲ್ಲ, ಕೆಂಪಾವುದು ಬಿಳಿಯಾವುದು ಎಂದು ತಿಳಿಯಲು ಅಷ್ಟು ಓದು ಧಾರಾಳ.

ಮಗಳು ಎರಡು ದಿನ ಅತ್ತಳು. ಈಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾಳೆ. ಹಿರಿಯಳಾಗಿ ನಿಮ್ಮನ್ನು ಹರಸಬೇಕು: ನಾಚಿಕೆ ಬರಲಿ, ಬೇಗ ಬರಲಿ.

ನಿಮ್ಮ ಅತ್ತೆ

ಅಂದ ಹಾಗೆ, ದಿನಚರಿಯ ಆ ಪುಟದ ಪ್ರತಿ, ನೀವು ಕಟ್ಟಿದ ಬಿಳಿ ಚೀಟಿ, ನನ್ನ ಸಹಿಯ ಪತ್ರ, ಮೂರನ್ನೂ ಪ್ರಯೋಗಾಲಯಕ್ಕೂ ನಿಮ್ಮ ಸಮ್ಮೇಳನದ ಅಧ್ಯಕ್ಷರಿಗೂ ಹೋದ ವಾರವೇ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದೆ. ಇಬ್ಬರಿಗೂ ತಲುಪಿದೆ ಎಂದು ಖಚಿತವಾದ ಮೇಲೆಯೇ ನಿಮಗೆ ಬರೆಯಲು ಕುಳಿತದ್ದು.