ಹದಿನೆಂಟು ಆಂಪಿಯರ್

ಮಾರ್ಚ್ ಹದಿನಾಲ್ಕು, ಶನಿವಾರ ಮಧ್ಯಾಹ್ನ

ನನ್ನ ಮುಂಗೋಪಿ ಮಗಳೇ,

ಅಮ್ಮನ ಮುತ್ತುಗಳು. ನಿನ್ನ ಟಿಕೆಟ್ ಕೌಂಟರಿನ ಮುರುಕು ಕುರ್ಚಿ ಬದಲಾಯಿಸಿದರೇ? ಬೆನ್ನುನೋವು ಹೇಗಿದೆ? ಪ್ರತಿ ಪತ್ರದಲ್ಲೂ ನಾನು ಹೀಗೇ ಸುತ್ತಿ ಬಳಸಿ ಕೇಳುತ್ತೇನೆ, ನೀನೂ ಹಾಗೇ ಉತ್ತರಿಸುತ್ತೀಯ. ಆರು ವರ್ಷದಿಂದ ಇಬ್ಬರೂ ಅಪ್ಪನ ಹೆಸರೆತ್ತದೆ ಕಾಲ ತಳ್ಳಿದ್ದೇವೆ. ಇವತ್ತು ಎತ್ತುತ್ತೇನೆ. ಹರಿದು ಹಾಕಬೇಡ, ಕೊನೆಯವರೆಗೂ ಓದು.

ಅಪ್ಪನಿಗೆ ಕಳೆದ ತಿಂಗಳು ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎತ್ತಲಾಗುವುದಿಲ್ಲ, ಮಾತು ನಿಂತುಹೋಗಿದೆ. ಕಿವಿ, ಬುದ್ಧಿ ಎರಡೂ ಚುರುಕಾಗಿಯೇ ಇವೆ, ಆದರೆ ಮಾತು ಮರಳುವ ಆಸೆ ಇಟ್ಟುಕೊಳ್ಳಬೇಡಿ ಅಂತ ಡಾಕ್ಟರು ಹೇಳಿದರು. ಅದನ್ನು ಕೇಳಿದಾಗ ನನಗೆ ಮೊದಲು ಬಂದದ್ದು ಅಳು ಅಲ್ಲ ಮಗಳೇ, ನೆಮ್ಮದಿ. ಇನ್ನು ಇವರು ಯಾರಿಗೂ ಹೇಳಲಾರರು ಅನ್ನುವ ನೆಮ್ಮದಿ. ಆಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಇಂಥ ಹೆಂಗಸಿನ ಜೊತೆ ಈ ಮನುಷ್ಯ ಮೂವತ್ತು ವರ್ಷ ಬಾಳಿದರಲ್ಲ ಎಂದು ಅತ್ತುಬಿಟ್ಟೆ.

ಅಪ್ಪನಿಗೂ ಲೆಕ್ಕಕ್ಕೂ ಎಣ್ಣೆ ಸೀಗೆಕಾಯಿ ಎಂಬುದು ನಿನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗದಂತೆ ನಾವಿಬ್ಬರೂ ನೋಡಿಕೊಂಡೆವು. ವೈರಿಂಗಿನ ಕೈಕೆಲಸವೋ, ಕಣ್ಣು ಕಟ್ಟಿದರೂ ಬೋರ್ಡ್ ಬಿಚ್ಚಿ ಜೋಡಿಸುತ್ತಿದ್ದರು. ಗುಣಾಕಾರ ಎಂದರೆ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದರು. ಮೀಟರ್ ನೋಡಿ ವೋಲ್ಟು, ಆಂಪಿಯರ್ ಎರಡನ್ನು ಚೀಟಿಯಲ್ಲಿ ಗೀಚಿ ತರುವುದು ಅವರ ಕೆಲಸ. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿ ರೋಧ, ಎರಡನ್ನೂ ಗುಣಿಸಿ ವ್ಯಾಟ್ ತೆಗೆದು, ಎಷ್ಟು ದಪ್ಪದ ತಂತಿ ಬೇಕೆಂದು ಬರೆದುಕೊಡುವುದು ನನ್ನ ಕೆಲಸ. ನೀನು ಮನೆಗೆ ಬರುವಷ್ಟರಲ್ಲಿ ಊಟದ ಮೇಜಿನಿಂದ ಚೀಟಿಗಳನ್ನೆಲ್ಲ ತೆಗೆದುಬಿಡುತ್ತಿದ್ದೆ. ಗಂಡನ ಮರ್ಯಾದೆ ಕಾಯುತ್ತಿದ್ದೇನೆ ಎಂದು ನನಗೆ ಬಲು ಹೆಮ್ಮೆಯಿತ್ತು.

ಮುಂದಿನದನ್ನು ಗಮನವಿಟ್ಟು ಓದು. ಅವರ ಹಳೆಯ ಮೀಟರನ್ನು ಇಕ್ಕಳದಂತೆ ತಂತಿಗೆ ಕಚ್ಚಿಸಬೇಕು. ಕರೆಂಟ್ ಸಣ್ಣದಾದರೆ ಅದರ ಮುಳ್ಳು ಅಲ್ಲಾಡಿದಂತೆ ಮಾಡಿ ಸುಮ್ಮನಾಗುತ್ತಿತ್ತು. ಅದಕ್ಕೆ ಅವರು ತಂತಿಯನ್ನು ಮೀಟರಿನ ದವಡೆಯೊಳಗೆ ಎರಡು ಸುತ್ತು ಹಾಕಿ ಅಳೆಯುತ್ತಿದ್ದರು. ಆಗ ಮುಳ್ಳು ಎರಡರಷ್ಟು ತೋರಿಸುತ್ತದೆ. ಚೀಟಿಯ ಮೂಲೆಯಲ್ಲಿ ಎರಡು ಸುತ್ತು ಎಂದು ಬರೆದಿರುತ್ತಿದ್ದರು, ನಾನು ಅರ್ಧ ಮಾಡಿಕೊಂಡು ಲೆಕ್ಕ ಹಾಕುತ್ತಿದ್ದೆ.

ಅಪ್ಪ ಹೊಸ ವೈರಿಂಗ್ ಹಾಕಲು ಒಪ್ಪಿಕೊಂಡಿದ್ದ ಲಾಂಡ್ರಿಯಿಂದ ಹನ್ನೊಂದು ಚೀಟಿ ಬಂದವು. ಹತ್ತು ಇಸ್ತ್ರಿಪೆಟ್ಟಿಗೆಗಳವು, ಎಲ್ಲವೂ ಎರಡು ಸುತ್ತು. ಹನ್ನೊಂದನೆಯದು ಬಟ್ಟೆ ಒಣಗಿಸುವ ಕೋಣೆಯ ಹೀಟರಿನದು. ಇನ್ನೂರ ಮೂವತ್ತು ವೋಲ್ಟ್, ಹದಿನೆಂಟು ಆಂಪಿಯರ್. ದೊಡ್ಡ ಕರೆಂಟು, ಒಂದೇ ಸುತ್ತಿನಲ್ಲಿ ಅಳೆದದ್ದು, ಚೀಟಿಯ ಮೂಲೆ ಖಾಲಿಯಿತ್ತು. ನನಗೆ ಅವಸರವೇನೂ ಇರಲಿಲ್ಲ, ಜಂಬವಿತ್ತು. ಪೆನ್ನು ಮುಟ್ಟದೆ ಬಾಯಿಲೆಕ್ಕದಲ್ಲೇ ಮುಗಿಸ್ತೀನಿ ನೋಡಿ ಅಂದೆ. ನಿನ್ನ ತಲೇಲೇ ಒಂದು ಮೀಟರ್ ಇಟ್ಟಿದಾರೆ ಕಣೆ ಅಂತ ಅಪ್ಪ ನಕ್ಕರು. ಹತ್ತನ್ನು ಅರ್ಧ ಮಾಡಿದ ಭರದಲ್ಲಿ ಹನ್ನೊಂದನೆಯದನ್ನೂ ಅರ್ಧ ಮಾಡಿದೆ. ಒಂಬತ್ತು ಆಂಪಿಯರ್, ಎರಡು ಸಾವಿರದ ಎಪ್ಪತ್ತು ವ್ಯಾಟ್ ಅಂದೆ. ನಿಜವಾಗಿ ನಾಲ್ಕು ಸಾವಿರದ ನೂರ ನಲವತ್ತು. ಹದಿಮೂರು ಓಮ್‌ನಷ್ಟಿದ್ದ ರೋಧ ನನ್ನ ಬಾಯಲ್ಲಿ ಇಪ್ಪತ್ತೈದೂವರೆ ಆಯಿತು. ಹೀಟರ್ ನನ್ನ ಮಾತು ಕೇಳುತ್ತದೆಯೇ? ತನಗೆ ಬೇಕಾದಷ್ಟು ಕರೆಂಟ್ ಎಳೆದುಕೊಂಡಿತು. ನಾನು ಹೇಳಿದ ಸಣಕಲು ತಂತಿಯನ್ನೇ ಅಪ್ಪ ಹಾಕಿದ್ದರು, ನನ್ನ ಲೆಕ್ಕವನ್ನು ಅವರು ಎಂದೂ ಎರಡನೇ ಸಲ ನೋಡಿದವರಲ್ಲ. ಫ್ಯೂಸ್ ಇಡೀ ಕಟ್ಟಡಕ್ಕೆ ಒಂದೇ, ದಪ್ಪದ್ದು. ಅದು ಹಾರಲಿಲ್ಲ.

ನಾಲ್ಕನೇ ದಿನ ಬೆಂಕಿ ಹತ್ತಿದಾಗ ಆ ಕೋಣೆಯಲ್ಲಿದ್ದವಳು ನೀನು. ರಜೆಯಲ್ಲಿ ಕೈಖರ್ಚಿಗಾಗಲಿ ಎಂದು ಕೆಲಸಕ್ಕೆ ಸೇರಿ ಒಂದು ವಾರವಾಗಿತ್ತು. ಗಡಿಯಾರ ರಿಪೇರಿ ಕಲಿಯುತ್ತಿದ್ದ ನಿನ್ನ ಸುಟ್ಟ ಆ ಎರಡು ಬೆರಳು ಮತ್ತೆ ಚಿಮಟ ಹಿಡಿಯಲಿಲ್ಲ.

ಆಸ್ಪತ್ರೆಯ ಹೊರಗೆ ಇನ್ಸ್‌ಪೆಕ್ಟರು ಲೆಕ್ಕ ಹಾಕಿದ್ದು ಯಾರು ಅಂತ ಕೇಳಿದರು. ಅಷ್ಟರಲ್ಲಿ ಅಪ್ಪ ಆ ಚೀಟಿಯನ್ನು ಜೇಬಿನಿಂದ ತೆಗೆದು ನೋಡಿಕೊಂಡಿದ್ದರು, ಖಾಲಿ ಮೂಲೆ ಕಂಡು ಎಲ್ಲ ಅರ್ಥವಾಗಿತ್ತು. ನಾನೇ ಸಾರ್ ಅಂದರು. ನಾನು ಬೆನ್ನ ಹಿಂದೆಯೇ ನಿಂತಿದ್ದೆ, ಬಾಯಿಗೆ ಬೀಗ. ಅವರ ಲೈಸೆನ್ಸ್ ಹೋಯಿತು. ನೀನು ಅವರ ಮುಖ ನೋಡಲ್ಲ ಅಂತ ಹೇಳಿ ಕಳಿಸಿದೆ. ಅವತ್ತು ನಾನು, ಅವಳ ಹತ್ರ ಒಪ್ಕೊಂಡುಬಿಡ್ತೀನಿ ರೀ ಅಂದೆ. ಅವರು, ಸುಮ್ನಿರು, ನನ್ನ ಮೇಲಂತೂ ಸಿಟ್ಟು ಬಂದಾಯ್ತು, ನಿನ್ನ ಮೇಲೂ ಬಂದ್ರೆ ಮಗು ಯಾರ ಹತ್ರ ಹೋಗುತ್ತೆ ಅಂದರು. ನಾನು ಎರಡನೇ ಸಲ ಆ ಮಾತೆತ್ತಲಿಲ್ಲ. ನೀನು ಮನೆ ಬಿಟ್ಟು ಹೋಗುವವರೆಗೂ ನನ್ನ ಮಡಿಲಲ್ಲಿ ತಲೆಯಿಟ್ಟು ಅವರನ್ನು ಬೈದಾಗಲೆಲ್ಲ ನಿನ್ನ ಕೂದಲು ನೇವರಿಸಿದೆ. ಅವರು ಆಚೆ ಕೋಣೆಯಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಆದರೂ ನಿನ್ನ ತಲೆ ನನ್ನ ಮಡಿಲಲ್ಲಿದೆಯಲ್ಲ ಎಂಬ ಸುಖ ಬಿಡಲು ನನಗೆ ಮನಸ್ಸಾಗಲಿಲ್ಲ.

ಇನ್ನು ಆ ಸಿಟ್ಟು ನನಗೆ ಸೇರಿದ್ದು. ನನಗೆ ಪತ್ರ ಬರೆಯಬೇಡ, ನನ್ನನ್ನು ಅಮ್ಮ ಅನ್ನಬೇಡ. ಒಂದೇ ಒಂದು ಸಲ ಬಂದು ಅವರ ಪಕ್ಕ ಕೂರು. ನೀನು ಬಂದಾಗ ನಾನು ಹೊರಗೆ ಹೋಗಿರುತ್ತೇನೆ, ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟಿರುತ್ತೇನೆ. ಬೇಸಿಗೆ ದಾಟುವುದು ಕಷ್ಟ ಅಂತ ಡಾಕ್ಟರು ಹೇಳಿದ್ದಾರೆ.

ಕ್ಷಮಿಸು ಎಂದು ಬರೆಯಲು ಮುಖವಿಲ್ಲದ,
ನಿನ್ನ ಅಮ್ಮ

ತಾ.ಕ.: ಇದು ಎರಡನೇ ಸಲ ಬರೆದ ಪತ್ರ. ಅವರಿಗೆ ತಿಳಿಸದೆ ಕಳಿಸಬಾರದೆಂದು ಮೊದಲನೆಯದನ್ನು ನಿನ್ನೆ ಮಂಚದ ಪಕ್ಕ ಕೂತು ಓದಿ ಹೇಳಿದೆ. ಬೇಡ ಎಂದು ತಲೆಯಾಡಿಸಿದರು. ನಾನು ಕಳಿಸಿಯೇ ಕಳಿಸುತ್ತೇನೆ ಅಂದದ್ದಕ್ಕೆ ಎಡಗೈಯಲ್ಲಿ ಕಸಿದು ಬೆನ್ನಡಿಗೆ ತುರುಕಿಕೊಂಡರು. ಇದನ್ನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಬರೆದಿದ್ದೇನೆ. ಆ ಪತ್ರ ನನ್ನ ಕೈಗೆ ಸಿಕ್ಕೀತೆಂದು ನಿನ್ನೆಯಿಂದ ಅವರು ತಮ್ಮ ಮಗ್ಗುಲು ಬದಲಾಯಿಸಲೂ ನನ್ನನ್ನು ಬಿಡುತ್ತಿಲ್ಲ.