ಖಾಲಿ ತಟ್ಟೆಗೆ ಬಂದ ಅತಿಥಿ

ಪ್ರಿಯ ಝೆನೋನ್,

ಮುರಿದ ಕಾಲಿನ ನೋವು ಈಗ ಹೇಗಿದೆ? ಆಸ್ಪತ್ರೆಯಲ್ಲಿ ಹಬ್ಬದೂಟ ಹಾಕಿದರಾ? ಇಲ್ಲಿಯ ಸುದ್ದಿ ಹೇಳುತ್ತೇನೆ, ಸಿಟ್ಟಾಗಬೇಡ.

ಕ್ರಿಸ್‌ಮಸ್‌ನ ಹಿಂದಿನ ಸಂಜೆ ಎಂದಿನಂತೆ, ಹೇಳದೆ ಬರುವ ಅತಿಥಿಗೆಂದು ಒಂದು ತಟ್ಟೆ ಹೆಚ್ಚಿಗೆ ಇಟ್ಟೆ. ನಮ್ಮ ದೊರೋತಾ ಅದನ್ನೇ ನೋಡುತ್ತ, "ಅಮ್ಮಾ, ಪ್ರತಿ ವರ್ಷ ಇಡ್ತೀಯ, ಯಾರೂ ಬರಲ್ಲ. ಪಕ್ಕದ್ಮನೆ ವಿಟೋಲ್ಡ್ ತಾತ ಒಬ್ರೇ ಇದಾರಲ್ಲ?" ಎಂದಳು.

"ಬೇಲಿ ಜಗಳ ಆದಾಗಿಂದ ಅಪ್ಪ ಅವರ ಹತ್ರ ಮಾತಾಡಲ್ಲ, ಗೊತ್ತಲ್ವಾ?" ಎಂದೆ.

"ಜಗಳ ಅಪ್ಪಂದು. ತಟ್ಟೆ ಎಲ್ಲರ್ದೂ," ಎಂದವಳೇ ಹಿಮದಲ್ಲಿ ಓಡಿದಳು.

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ ವಿಟೋಲ್ಡ್ ಬಾಗಿಲಲ್ಲೇ ನಿಂತರು. "ನಿನ್ನ ಮಗಳು ಕರೀಲಿಲ್ಲಮ್ಮ, ಎಳ್ಕೊಂಡೇ ಬಂದ್ಲು," ಎಂದರು. ದೊರೋತಾ ಹಬ್ಬದ ತೆಳು ರೊಟ್ಟಿ ಮುರಿದು ಮೊದಲ ಚೂರನ್ನು ಅವರಿಗೇ ಕೊಟ್ಟಳು. ಅವರು ಕಣ್ಣೊರೆಸಿಕೊಂಡು, ಬೀಟ್‌ರೂಟ್ ಸಾರನ್ನು ಎರಡು ಸಲ ಕೇಳಿ ಹಾಕಿಸಿಕೊಂಡರು.

ನಾವು ಕಲಿಸದ್ದನ್ನು ನಮ್ಮ ಮಗಳು ನಮಗೇ ಕಲಿಸಿದಳು, ಝೆನೋನ್. ಹೆಮ್ಮೆಯಿಂದಲೇ ನನಗೆ ಹೊಟ್ಟೆ ತುಂಬಿತು.

ಶುಕ್ರವಾರ ನಿನ್ನನ್ನು ಕರೆತರಲು ವಿಟೋಲ್ಡ್ ಅವರೇ ಕಾರು ತರುತ್ತಾರೆ, ತಾವಾಗಿಯೇ ಹೇಳಿದರು. ಕಾಲು ಚಾಚುವ ನೆಪ ಹೇಳಿ ಹಿಂದಿನ ಸೀಟಿಗೆ ಹೋಗಬೇಡ. ಅವರ ಪಕ್ಕದಲ್ಲೇ ಕೂತುಕೋ.

ನಿನ್ನ,
ಹಾಲಿನಾ